ಅವರು ಹಗ್ಗ ಕೇಳಿದ್ದರು

ಅವರು ಹಗ್ಗ ಕೇಳಿದ್ದರು. ನಾನು, ‘ನಿಲ್ಲುವುದಿಲ್ಲ ಎನ್ನುತ್ತಿದ್ದಾರೆ’ ಎಂದು ಹೇಳಿದೆ. ಆ ಮಾತಿನ ಮೇಲೆ ಗುಂಡುಗಳು ಹಾರಿದವು, ಹರಿಗೋಲು ಮಗುಚಿತು, ಅದರಲ್ಲಿದ್ದ ಇಬ್ಬರು ಸತ್ತರು. ಆ ಸುಳ್ಳನ್ನು ಉಳಿಸಿಕೊಳ್ಳಲು ಇನ್ನೊಂದು ಸುಳ್ಳು ಹೇಳಿ ನನ್ನ ಗೆಳೆಯ ಮಹಬೂಬನನ್ನು ಸೆರೆಗೆ ಕಳಿಸಿದೆ. ಇಷ್ಟೂ ಮಾಡಿದವನು ನಾನೇ. ಯಾರೂ ಬಲವಂತ ಮಾಡಿರಲಿಲ್ಲ.

ಕಮಲಾಪುರದ ಜನ ನನ್ನನ್ನು ಬಸರಾ ಚನ್ನಬಸಪ್ಪ ಎಂದು ಕರೆಯುತ್ತಾರೆ. ದೊಡ್ಡ ಯುದ್ಧದಲ್ಲಿ ಇಂಗ್ಲಿಷರ ಪಹರೆ ದೋಣಿಯ ಮೇಲೆ ಇದ್ದು ಬಂದವನು, ವೈರಿಗಳ ಭಾಷೆ ಬಲ್ಲವನು, ಕದ್ದು ಬಂದೂಕು ಸಾಗಿಸುತ್ತಿದ್ದ ಹರಿಗೋಲನ್ನು ಹಿಡಿಸಿದವನು — ಇದು ನನ್ನ ಬಗ್ಗೆ ಊರಿಗೆ ಗೊತ್ತಿರುವ ಕಥೆ. ಕಟ್ಟಿದವನು ನಾನೇ. ಇದನ್ನು ಬರೆಯುವಾಗ ಬಾಯಲ್ಲಿ ಏನೋ ಕೊಳೆತಂತಾಗುತ್ತದೆ. ಆದರೂ ಬರೆಯುತ್ತೇನೆ.

ನಾನೂ ಮಹಬೂಬನೂ ಕಲಬುರಗಿ ಸ್ಟೇಷನ್ನಿನಲ್ಲಿ ರೈಲಿನ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸಕ್ಕಿದ್ದೆವು. ನಾನು ಕಮಲಾಪುರದವನು, ಅವನ ಮನೆ ಕಲಬುರಗಿಯಲ್ಲೇ, ದರ್ಗಾದ ಕಡೆಯ ಒಂದು ಓಣಿಯಲ್ಲಿ. ಅವನಿಗೆ ತಾಯಿ ಒಬ್ಬಳೇ, ಹುಸೇನಬಿ. ನಾನು ಅವಳನ್ನು ಅವನ ಹಾಗೆಯೇ ಅಮ್ಮಿ ಎನ್ನುತ್ತಿದ್ದೆ. ಮಾಂಸ ಮುಟ್ಟದ ನಮ್ಮ ಮನೆಯ ಶೀಲ ಗೊತ್ತಿದ್ದ ಅವಳು ನನಗಾಗಿ ಬೇರೆಯ ಗಡಿಗೆಯಲ್ಲಿ ಪುಂಡಿ ಪಲ್ಯ ಮಾಡಿ, ಬಿಸಿ ರೊಟ್ಟಿಯೊಡನೆ ಮಗನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದಳು. ಎಷ್ಟೋ ದಿನ ಅದೇ ನನ್ನ ಊಟ.

ಯುದ್ಧ ಶುರುವಾದ ಮೇಲೆ, ಬಾಯ್ಲರ್ ಬಲ್ಲ ಆಳುಗಳು ಬೇಕೆಂದು ಸಾಹೇಬರು ಬಂದರು. ಸಮುದ್ರದಾಚೆ ಅರಬ್ಬರ ನಾಡಿನಲ್ಲಿ, ಬಸರಾದ ಹತ್ತಿರ, ದಿಜ್ಲಾ ಎಂಬ ದೊಡ್ಡ ನದಿ, ಅಲ್ಲಿ ಉಗಿಯಿಂದ ಓಡುವ ಸಣ್ಣ ಸಣ್ಣ ಯುದ್ಧದ ದೋಣಿಗಳು — ಲಾಂಚು ಎನ್ನುತ್ತಿದ್ದರು. ಎಂಜಿನ್ನಿಗೆ ಹಾಕುವ ಕಲ್ಲಿದ್ದಲನ್ನೇ ಅಲ್ಲಿ ಹಾಕುವುದು, ಅಷ್ಟೇ ವ್ಯತ್ಯಾಸ ಎಂದರು. ಊರು ಬಿಟ್ಟು ದೂರ ಹೋಗುವ ಹುಚ್ಚು ನನಗೇ ಹೆಚ್ಚು. ನಾನು ಹೊರಟೆನೆಂದು ಮಹಬೂಬ ಹೊರಟ.

ನಮ್ಮ ಲಾಂಚನ್ನು ನೋಡಿದವರು ಅದನ್ನು ದೋಣಿ ಎನ್ನುತ್ತಿದ್ದರೋ ಇಲ್ಲವೋ. ಎರಡು ಎತ್ತಿನ ಬಂಡಿಗಳನ್ನು ಹಿಂದೆ ಮುಂದೆ ನಿಲ್ಲಿಸಿದಷ್ಟು ಉದ್ದ, ಸುತ್ತಲೂ ಕಬ್ಬಿಣದ ತಗಡು, ಮೂತಿಯ ಮೇಲೆ ಒಂದು ಮಷಿನ್‌ಗನ್ನು. ಮೇಲೆ ಕಪ್ತಾನ ಸಾಹೇಬ, ಗನ್ನಿನ ಹತ್ತಿರ ಒಬ್ಬ ಗೋರಾ ಸಿಪಾಯಿ, ಚುಕ್ಕಾಣಿಗೆ ರತ್ನಾಗಿರಿಯ ಒಬ್ಬ ಮುದುಕ. ಕೆಳಗೆ, ಬಾಯ್ಲರಿನ ಗುಂಡಿಯಲ್ಲಿ, ನಾವಿಬ್ಬರು. ಸತ್ತ ಮೀನು, ಎಣ್ಣೆ, ನಮ್ಮದೇ ಬೆವರು ಮತ್ತು ವಾಂತಿ — ಆ ಗುಂಡಿಯ ನಾತ ಇವತ್ತಿಗೂ ನನ್ನ ಮೂಗಿನಲ್ಲಿದೆ. ನೀರಿನ ಲೋಟ ಎತ್ತಿದರೆ ನೊಣಗಳು ತುಟಿಗೆ ಅಂಟುತ್ತಿದ್ದವು. ನದಿಯ ಮೇಲೆ ಹೆಣ ತೇಲಿ ಬರುತ್ತಿದ್ದವು, ಮನುಷ್ಯರದೂ ಕುದುರೆಗಳದೂ. ಅದೇ ನೀರನ್ನು ಸೇದಿ ಬಾಯ್ಲರಿಗೆ ಹಾಕುತ್ತಿದ್ದೆವು.

ನಮ್ಮ ಕೆಲಸ ಪಹರೆ. ನದಿಯಲ್ಲಿ ಓಡಾಡುವ ಪ್ರತಿ ದೋಣಿ, ಪ್ರತಿ ಹರಿಗೋಲನ್ನು ನಿಲ್ಲಿಸಿ ನೋಡಬೇಕು. ಕೂಗಿದರೆ ನಿಲ್ಲದವರ ಮೇಲೆ ಗುಂಡು ಹಾರಿಸಬಹುದು ಎಂಬ ಹುಕುಂ ಇತ್ತು. ಅಲ್ಲಿಯ ಹರಿಗೋಲೂ ನಮ್ಮ ಭೀಮಾ ನದಿಯ ಹರಿಗೋಲಿನಂತೆಯೇ ದುಂಡಗೆ. ನಮ್ಮದಕ್ಕೆ ಚರ್ಮ, ಅವರದಕ್ಕೆ ಡಾಂಬರು. ಮೊದಲ ಸಲ ನೋಡಿದಾಗ ಮಹಬೂಬ, ‘ಲೇ ಚನ್ಯಾ, ಘತ್ತರಗಿ ಹೊಳಿಗೆ ಬಂದಂಗಾತಲ್ಲೋ!’ ಎಂದು ಕುಣಿದಿದ್ದ.

ಕೂಗಿ ನಿಲ್ಲಿಸಲು ಆ ಜನರ ಅರಬ್ಬಿ ಬಲ್ಲ ದುಭಾಷಿ ಬೇಕು. ಮೊದಲಿದ್ದವನು ಜ್ವರ ಬಂದು ಹೋದ. ಯಾರಿಗಾದರೂ ಬರುತ್ತದೆಯೇ ಎಂದು ಕಪ್ತಾನ ಕೇಳಿದ. ನಾನು ಕೈ ಎತ್ತಿದೆ. ನಿಜಾಮರ ಶಾಲೆಯಲ್ಲಿ ನಾನು ಉರ್ದು ಓದಿದ್ದೆ, ಅಷ್ಟೇ. ಲಿಪಿ ಒಂದೇ ತರಹ ಕಾಣುವುದರಿಂದ ಸಾಹೇಬನಿಗೆ ಏನು ತಿಳಿಯುತ್ತದೆ ಎಂದುಕೊಂಡೆ. ನನಗೆ ಬೇಕಿದ್ದುದು ಮೇಲಿನ ಗಾಳಿ, ತೊಳೆದ ಅಂಗಿ, ಸಾಹೇಬನ ಪಕ್ಕದಲ್ಲಿ ನಿಲ್ಲುವ ಜಾಗ.

ನಿಜವಾಗಿ ಆ ಮಾತು ಕಲಿತಿದ್ದವನು ಮಹಬೂಬ. ಬಸರಾದ ದಕ್ಕೆಯಲ್ಲಿ ಖರ್ಜೂರದ ಮೂಟೆ ಹೊರುವವರ ಜೊತೆ ಹರಟೆ ಹೊಡೆದೇ ಕಲಿತಿದ್ದ. ಅವನು ನನ್ನ ಸುಳ್ಳನ್ನು ಬಯಲು ಮಾಡಬಹುದಿತ್ತು, ನನ್ನ ಬದಲು ತಾನೇ ಮೇಲೆ ಹೋಗಬಹುದಿತ್ತು. ‘ನೀನ ಹೋಗು. ಈ ಹೊಗಿಯಾಗ ನೀ ಕೆಮ್ಮಿ ಕೆಮ್ಮಿ ಸಾಯಾಕತ್ತಿ. ಮಾತು ನಾ ಕಲಿಸ್ತೀನಿ’ ಎಂದ. ನಿಲ್ಲು, ಹತ್ತಿರ ಬಾ, ಏನಿದೆ ತೋರಿಸು, ಹೋಗು — ಇಷ್ಟು ಕಲಿಸಿದ. ನಾನು ಅಷ್ಟನ್ನೇ ಗಟ್ಟಿಯಾಗಿ ಕೂಗುತ್ತಿದ್ದೆ. ಬಡವರು ಹೆದರಿ ತಾವಾಗಿಯೇ ಬರುತ್ತಿದ್ದರು. ಅವರು ಉತ್ತರವಾಗಿ ಏನೆನ್ನುತ್ತಿದ್ದರೋ ನನಗೆ ತಿಳಿಯುತ್ತಿರಲಿಲ್ಲ. ತೋಚಿದ್ದನ್ನು ಕಪ್ತಾನನಿಗೆ ಹಿಂದೂಸ್ತಾನಿಯಲ್ಲಿ ಹೇಳುತ್ತಿದ್ದೆ. ಅವನು ತಲೆಯಾಡಿಸುತ್ತಿದ್ದ. ನನಗೆ ಅದು ಆಟದಂತೆ ಅನಿಸತೊಡಗಿತ್ತು. ನೋಡಿ — ಗುಂಡು ತುಂಬಿದ ಗನ್ನಿನ ಪಕ್ಕ ನಿಂತು ನಾನು ಆಟವಾಡುತ್ತಿದ್ದೆ.

ಅವತ್ತು ಮಧ್ಯಾಹ್ನ. ಹಿಂದಿನ ದಿನವಷ್ಟೇ ಬೇರೊಂದು ಲಾಂಚಿನ ಮೇಲೆ, ಹುಲ್ಲು ತುಂಬಿದ ದೋಣಿಯಲ್ಲಿ ಅಡಗಿದ್ದವರು ಗುಂಡು ಹಾರಿಸಿದ್ದರು. ಕಪ್ತಾನ ಸಿಡಿಮಿಡಿಗೊಂಡಿದ್ದ. ನದಿಯ ತಿರುವಿನಿಂದ ಒಂದು ಹರಿಗೋಲು ನಮ್ಮ ಕಡೆಗೆ ಬಂತು. ಒಬ್ಬ ಮುದುಕ, ಇಬ್ಬರು ಹೆಂಗಸರು, ಮಧ್ಯದಲ್ಲಿ ಏನೋ ರಾಶಿ, ಅದರ ಮೇಲೆ ಚಾಪೆ. ನಾನು ನಿಲ್ಲು ಎಂದು ಕೂಗಿದೆ. ಮುದುಕ ಎರಡೂ ಕೈ ಎತ್ತಿ ಏನೋ ಅರಚಿದ. ಹೆಂಗಸರೂ ಅರಚಿದರು. ‘ಹಬಲ್, ಹಬಲ್’ — ಅದೇ ಒಂದು ಮಾತು. ಹರಿಗೋಲು ನಿಲ್ಲಲಿಲ್ಲ, ನೇರವಾಗಿ ನಮ್ಮ ಮೇಲೆಯೇ ಬರುತ್ತಿತ್ತು.

ನಾನು ಭೀಮಾ ದಾಟಿದವನು. ಹುಟ್ಟು ಇಲ್ಲದ ಹರಿಗೋಲು ಹೇಗೆ ತಿರುಗುತ್ತದೆಂದು ಕಂಡವನು. ಇದು ಹಾಗೆಯೇ ಗರಗರ ತಿರುಗುತ್ತಿತ್ತು. ಮುದುಕನ ಕೈಯಲ್ಲಿ ಹುಟ್ಟು ಇರಲಿಲ್ಲ. ಕಣ್ಣಿಗೆ ಕಾಣುತ್ತಿದ್ದುದನ್ನು ನಾನು ಕಾಣಲಿಲ್ಲ — ಅಲ್ಲ, ಕಂಡೆ. ಕಂಡರೂ... ನನ್ನ ತಲೆಯಲ್ಲಿ ಇದ್ದುದು ಒಂದೇ: ಈ ಮಾತಿನ ಅರ್ಥ ನನಗೆ ಗೊತ್ತಿಲ್ಲ, ಸಾಹೇಬ ಈಗ ಕೇಳುತ್ತಾನೆ.

ಕೇಳಿದ. ‘ಕ್ಯಾ ಬೋಲ್ತಾ ಹೈ?’

ಆ ಹೊತ್ತಿಗೆ ಕೆಳಗಿನ ಗುಂಡಿಯಿಂದ ಮಹಬೂಬನ ತಲೆ ಮೇಲೆ ಬಂತು. ಮುಖವೆಲ್ಲ ಮಸಿ, ಕಣ್ಣು ಮಾತ್ರ ಬೆಳ್ಳಗೆ. ಅವಸರದಲ್ಲಿ ಅವನ ಬಾಯಿಗೆ ಬಂದದ್ದು ನಾವಿಬ್ಬರೇ ಆಡುತ್ತಿದ್ದ ಮಾತು. ‘ಹಗ್ಗ ಕೇಳಾಕತ್ತಾರೋ ಚನ್ಯಾ! ಹುಟ್ಟು ಹ್ವಾದದ ಅಂತ! ಹಗ್ಗ ಒಗಿ, ಹಗ್ಗ ಒಗಿ!’

ಕನ್ನಡದಲ್ಲಿ ಹೇಳಿದ. ಅರ್ಥವಾಗಲಿಲ್ಲ ಎನ್ನಲು ನನಗೆ ದಾರಿಯೇ ಇಲ್ಲ. ಆ ಇಡೀ ನದಿಯ ಮೇಲೆ ಆ ಮಾತು ತಿಳಿಯುವವನು ನಾನೊಬ್ಬನೇ ಇದ್ದೆ. ಅದಕ್ಕೇ — ಬೇರಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯದಿಂದಲೇ...

ಕಪ್ತಾನ ಮಹಬೂಬನ ಕಡೆ ಬೆರಳು ಮಾಡಿ ಇವನೇನು ಒದರುತ್ತಾನೆ ಎಂದ. ‘ಬಾಯ್ಲರಿನಲ್ಲಿ ನೀರು ಕಡಿಮೆಯಾಗಿದೆ ಎನ್ನುತ್ತಾನೆ, ಹುಜೂರ್’ ಎಂದೆ. ಮತ್ತೆ ಅವರು ಎಂದು ಕೇಳಿದ. ‘ನಿಲ್ಲುವುದಿಲ್ಲ ಎನ್ನುತ್ತಿದ್ದಾರೆ, ಹುಜೂರ್.’

ಒಂದು ಸುಳ್ಳಿಗೂ ಇನ್ನೊಂದಕ್ಕೂ ನಡುವೆ ನಾನು ಉಗುಳು ಕೂಡ ನುಂಗಲಿಲ್ಲ. ಕಪ್ತಾನ ಗನ್ನಿನವನಿಗೆ ಕೈ ಮಾಡಿದ.

ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಸದ್ದು, ಆಮೇಲೆ ಇಲ್ಲ. ಹರಿಗೋಲು ಒಂದು ಬದಿಗೆ ವಾಲಿ ಬೋರಲು ಬಿತ್ತು. ಚಾಪೆಯ ಕೆಳಗಿನ ರಾಶಿ ನೀರಿನ ಮೇಲೆ ಚೆದುರಿತು. ಕರಬೂಜ ಹಣ್ಣುಗಳು. ಮಹಬೂಬ ಯಾರನ್ನೂ ಕೇಳದೆ, ಬೆಂಕಿಯ ಮುಂದಿನಿಂದ ಎದ್ದ ಮೈಯಲ್ಲೇ ನದಿಗೆ ಹಾರಿದ. ಒಬ್ಬ ಹೆಂಗಸನ್ನು ಜುಟ್ಟು ಹಿಡಿದು ಎಳೆದು ತಂದ. ಅವಳೊಬ್ಬಳು ಬದುಕಿದಳು. ಲಾಂಚಿನ ತಗಡಿಗೆ ಆತು ಕುಳಿತು ಅದೇ ಮಾತು ಅನ್ನುತ್ತಿದ್ದಳು, ಮೆಲ್ಲಗೆ — ಹಬಲ್, ಹಬಲ್. ಮುದುಕನೂ ಇನ್ನೊಬ್ಬಳೂ ಸಿಗಲಿಲ್ಲ. ಬೋರಲಾದ ಹರಿಗೋಲನ್ನು ಎಳೆದು ನೋಡಿದರು. ಒಂದು ಚಾಕು ಸಹ ಇರಲಿಲ್ಲ.

ತೇಲುತ್ತಿದ್ದ ಹಣ್ಣುಗಳಲ್ಲಿ ಕೆಲವನ್ನು ಗನ್ನಿನವನು ಎತ್ತಿಕೊಂಡು ಕೊಯ್ದು ಹಂಚಿದ. ನನಗೂ ಒಂದು ಹೋಳು ಕೊಟ್ಟ. ತಿಂದೆ. ಸಿಹಿಯಾಗಿತ್ತು. ಅದನ್ನೂ ಬರೆಯಬೇಕು — ಆ ಹೆಂಗಸು ನೋಡುತ್ತಿರುವಾಗ ತಿಂದೆ, ರಸ ಮೊಳಕೈವರೆಗೆ ಇಳಿಯಿತು, ಅದನ್ನು ನೆಕ್ಕಿಕೊಂಡೆ.

ಮಹಬೂಬ ಒದ್ದೆ ಮೈಯಲ್ಲೇ ಕಪ್ತಾನನ ಮುಂದೆ ನಿಂತು, ಹಿಂದೂಸ್ತಾನಿಯಲ್ಲಿ ಎಲ್ಲ ಹೇಳಿದ. ಹಗ್ಗ ಕೇಳಿದ್ದರು, ತಾನು ಕೂಗಿ ಹೇಳಿದ್ದೆ ಎಂದ. ನನ್ನ ಹೆಸರು ಮಾತ್ರ ಎತ್ತಲಿಲ್ಲ. ‘ಕೇಳಿಸಲಿಲ್ಲವೇನೋ’ ಎಂದ. ನನಗೆ ಬಾಗಿಲು ತೆರೆದಿಟ್ಟ. ಹೌದು ಹುಜೂರ್, ತಪ್ಪು ಕೇಳಿಸಿಕೊಂಡೆ ಎಂದಿದ್ದರೆ ಬಹಳವಾದರೆ ಮತ್ತೆ ಗುಂಡಿಗೆ ಇಳಿಸುತ್ತಿದ್ದರು. ಕಪ್ತಾನ ನನ್ನ ಮುಖ ನೋಡಿದ. ‘ಇವನಿಗೆ ಆ ಭಾಷೆ ಬರುತ್ತದೆಯೇ?’

‘ಬರುವುದಿಲ್ಲ ಹುಜೂರ್. ಅವರ ಧರ್ಮದವನು. ಅದಕ್ಕೆ ಅವರ ಪರ ಆಡುತ್ತಾನೆ.’

ಎಲೆಯಡಿಕೆ ಉಗುಳಿದಷ್ಟು ಸಲೀಸಾಗಿ ಆ ಮಾತು ಬಂತು. ಯಾವತ್ತೂ ನಾನು ಮಹಬೂಬನನ್ನು ಹಾಗೆ ಎಣಿಸಿದವನಲ್ಲ. ಅವನ ತಾಯಿಯ ರೊಟ್ಟಿ ತಿಂದು ಬೆಳೆದ ಮೈ ಇದು. ಆದರೂ ಬೇಕಾದಾಗ ಆ ಮಾತು ನನ್ನೊಳಗೆ ಸಿದ್ಧವಾಗಿತ್ತು, ಯಾವ ಕೊಳಚೆಯಲ್ಲಿ ಬಿದ್ದಿತ್ತೋ... ಸಾಹೇಬನಿಗೆ ಯಾವ ಸುಳ್ಳು ರುಚಿಸುತ್ತದೆ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಮಹಬೂಬ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ನಾನು ಯಾರೆಂದು ಗುರುತು ಹಿಡಿಯಲು ಯತ್ನಿಸುವವನ ಹಾಗೆ ನೋಡಿದ. ಹುಕುಮಿಲ್ಲದೆ ಬಾಯ್ಲರ್ ಬಿಟ್ಟದ್ದು, ವೈರಿಗಳ ಪರ ಮಾತಾಡಿದ್ದು — ಇವೆರಡನ್ನು ಹೊರಿಸಿ ಬಸರಾದಲ್ಲಿ ಇಳಿಸಿಕೊಂಡು ಹೋದರು. ಬೇಡಿ ಹಾಕಿ ದುಡಿಸುತ್ತಾರಂತೆ ಎಂದು ಯಾರೋ ಹೇಳಿದರು. ನಾನು ಹೋಗಿ ನೋಡಲಿಲ್ಲ.

ಯುದ್ಧ ಮುಗಿದು ನಾನು ಬಂದಾಗ ಕಮಲಾಪುರದಲ್ಲಿ ಹಾರ ಹಾಕಿದರು. ಶಾಲೆಯ ಮಾಸ್ತರರು ಮಕ್ಕಳ ಮುಂದೆ ಕೂರಿಸಿ, ಯುದ್ಧದ ದೋಣಿ ಹೇಗಿತ್ತು ಹೇಳಿ ಎಂದರು. ಹೇಳಿದೆ. ಹೇಳುತ್ತಾ ಹೇಳುತ್ತಾ ಕರಬೂಜದ ರಾಶಿ ಬಂದೂಕಿನ ರಾಶಿಯಾಯಿತು. ಮುದುಕ ವೈರಿಗಳ ಸರದಾರನಾದ. ಮಕ್ಕಳು ಚಪ್ಪಾಳೆ ತಟ್ಟಿದರು. ದುಭಾಷಿಯಾಗಿದ್ದವನೆಂದು ಸರಕಾರದ ಕರೋಡಗಿರಿ ನಾಕಾದಲ್ಲಿ, ಸರಕಿನ ಸುಂಕ ವಸೂಲಿಗೆ, ನೌಕರಿ ಸಿಕ್ಕಿತು. ಬಂಡಿಗಳನ್ನು ನಿಲ್ಲಿಸಿ ಮೂಟೆ ಬಿಚ್ಚಿಸುವ ಕೆಲಸ. ಮದುವೆಯೂ ಆಯಿತು, ನೀಲಮ್ಮ ಬಂದಳು.

ಮಹಬೂಬನ ಸುದ್ದಿ ನನಗಿಂತ ಮೊದಲೇ ಕಲಬುರಗಿ ಮುಟ್ಟಿತ್ತು. ಹುಸೇನಬಿಯ ಮಗ ಸರಕಾರಕ್ಕೆ ದಗಾ ಮಾಡಿ ಸೆರೆ ಸೇರಿದ್ದಾನೆ ಎಂದು ಓಣಿಯ ಜನ ಅವಳ ಮನೆಗೆ ಹೋಗುವುದು ಬಿಟ್ಟಿದ್ದರು. ಒಂದು ದಿನ ಅವಳು ಯಾರದೋ ಬಂಡಿಯಲ್ಲಿ ಕುಳಿತು ಕಮಲಾಪುರದವರೆಗೆ ಬಂದಳು. ನಮ್ಮ ಮನೆಯ ಕಟ್ಟೆಯ ಮೇಲೆ ಕೂತಳು, ಒಳಗೆ ಬರಲಿಲ್ಲ.

‘ಚನ್ನಾ, ನೀ ಅವನ ಸಂಗಟೇ ಇದ್ದಿ. ಖರೆ ಹೇಳಪ್ಪಾ. ನನ್ನ ಮಗ ದಗಾ ಮಾಡ್ಯಾನೇನು?’

‘ನಾ ಮ್ಯಾಲಿದ್ದೆ ಅಮ್ಮಿ. ಅಂವ ಕೆಳಗಿದ್ದ. ನನಗ ಗೊತ್ತಿಲ್ಲ.’

‘ಇಲ್ಲ ಅಂತ ಒಂದು ಮಾತು ಅನ್ನಪ್ಪಾ ಸಾಕು. ನೀ ಅಂದೀದಿ ಅಂತ ಓಣ್ಯಾಗಿನ ಮಂದಿಗೆ ಹೇಳ್ತೀನಿ. ನೀ ಹೇಳಿದ್ರ ನಂಬ್ತಾರ.’

ಒಂದು ಮಾತು. ನೌಕರಿಗೂ ಅದರಿಂದ ಏನೂ ಆಗುತ್ತಿರಲಿಲ್ಲ. ನಾನು ನೀಲಮ್ಮನಿಗೆ ಮಜ್ಜಿಗೆ ತರಲು ಹೇಳಿದೆ. ಅಮ್ಮಿ ಕುಡಿಯಲಿಲ್ಲ. ಸೆರಗು ಕೊಡವಿ ಎದ್ದು ಹೋದಳು. ಆ ಮಳೆಗಾಲದಲ್ಲೇ ತೀರಿಕೊಂಡಳೆಂದು ಕೇಳಿದೆ. ಮಹಬೂಬ ಬಂದದ್ದು ಅವಳು ಹೋದ ಮೇಲೆ.

ರೈಲಿನವರು ಅವನನ್ನು ಮತ್ತೆ ತೆಗೆದುಕೊಳ್ಳಲಿಲ್ಲ. ಹತ್ತಿ ಗಿರಣಿಯ ಬಾಯ್ಲರಿಗೂ ಸೇರಿಸಲಿಲ್ಲ. ಬಜಾರಿನ ಮೂಲೆಯಲ್ಲಿ ತಿದಿ ಹಾಕಿಕೊಂಡು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಚ್ಚುತ್ತಾನೆ ಎಂದು ತಿಳಿಯಿತು. ನಾನು ಕಲಬುರಗಿಗೆ ಹೋದಾಗಲೆಲ್ಲ ಆ ಬಜಾರು ಬಿಟ್ಟು ಸುತ್ತು ಹಾಕಿ ನಡೆದೆ. ಕೂದಲು ನರೆಯುವವರೆಗೂ ಹಾಗೆ ನಡೆದೆ.

ಈ ಸಲ ಬೇಸಿಗೆಯಲ್ಲಿ ನೀಲಮ್ಮ ತವರಿನವರ ಜೊತೆ ಕಲಬುರಗಿಗೆ ಹೋದವಳು ಮನೆಯ ತಟ್ಟೆ ಬೋಗುಣಿಗಳಿಗೆ ಕಲಾಯಿ ಹಾಕಿಸಿಕೊಂಡು ಬಂದಳು. ಯಾರ ಹತ್ತಿರ ಎಂದು ನಾನು ಕೇಳಲೇ ಇಲ್ಲ. ಹೊಸದಾಗಿ ಹೊಳೆಯುವ ತಟ್ಟೆಯಲ್ಲಿ ಊಟ ಬಡಿಸುತ್ತಾ ಅವಳೇ ಹೇಳಿದಳು.

‘ಕಲಾಯಿ ಮಾಡಾವ ನಿಮ್ಮ ದೋಸ್ತ ಅಂತ ರೀ, ಮಹಬೂಬ ಸಾಬ. ಕಮಲಾಪುರ ಅಂದೆ, ನಿಮ್ಮ ಹೆಸರು ಹೇಳ್ದೆ. ಸುಮ್ಮ ಕುಂತು ಎಲ್ಲಾ ಭಾಂಡಿ ತಾನ ತಿಕ್ಕಿ ಬೆಳಗಿ ಕೊಟ್ಟ. ಚನ್ಯಾನ ಕೆಮ್ಮು ಹೆಂಗದ ಅಂತ ಕೇಳ್ದ. ಇಂಥಾ ಮನಷ್ಯಾ ದಗಾ ಮಾಡ್ಯಾನಂದ್ರ ನಾ ನಂಬಂಗಿಲ್ರಿ. ಅಲ್ಲಿ ಏನಾತು, ಖರೆ ಹೇಳ್ರಿ.’

ತಟ್ಟೆ ಬಿಟ್ಟು ಎದ್ದೆ. ಹಿತ್ತಲಿಗೆ ಹೋಗಿ ಎಲ್ಲ ಕಾರಿಕೊಂಡೆ. ಅವಳಿಗೆ ಉಷ್ಣ ಎಂದೆ. ಮರುದಿನ ಕಲಬುರಗಿಗೆ ಹೋದೆ.

ಮಹಬೂಬ ತಿದಿ ಒತ್ತುತ್ತಿದ್ದ. ಮಣಿಕಟ್ಟಿನ ಚರ್ಮ ಬೇಡಿಯಿಂದ ಕಪ್ಪಾಗಿ ಗಟ್ಟಿಯಾಗಿ ಹೋಗಿತ್ತು. ನನ್ನನ್ನು ನೋಡಿ ಕೂಡ್ರು ಎಂದು ಗೋಣಿ ಸರಿಸಿದ. ನಾನು ಅವತ್ತಿನ ಮಾತು ತೆಗೆದೆ — ಹರಿಗೋಲು, ಕಪ್ತಾನ, ನಾನು ಅಂದದ್ದು... ಅವನು ತಿದಿ ನಿಲ್ಲಿಸಲಿಲ್ಲ.

‘ನನಗ್ಯಾಕ ಹೇಳ್ತಿ? ನಾ ಅಲ್ಲೇ ಇದ್ನೆಲ್ಲ.’

‘ಮಾಫ್ ಮಾಡು ಮಹಬೂಬ.’

‘ನೀರಾಗ ಹ್ವಾದವರು ಮಾಡಬೇಕು ಮಾಫಿ. ಅಮ್ಮಿ ಮಾಡಬೇಕು. ನನ್ನ ಹಂತೇಕ ಏನದ ಕೊಡಲಾಕ?’ ಬೋಗುಣಿಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿದ. ‘ಗೊತ್ತಿದ್ದಾವಗ ಹೇಳಿ ಹಗುರ ಆಗಬ್ಯಾಡ ಚನ್ಯಾ. ಗೊತ್ತಿಲ್ಲದವರು ಭಾಳ ಮಂದಿ ಅದಾರ. ಅವರಿಗೆ ಹೇಳು ಹೋಗು.’

ಅವತ್ತೇ ನೀಲಮ್ಮನಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ‘ಆ ಮುದುಕಿಗೆ ಮಜ್ಜಿಗಿ ನನ್ನ ಕೈಲಿಂದ ಕೊಡಿಸಿದ್ರಲ್ರೀ’ ಎಂದಳು. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು.

ಊರಿಗೂ ಹೇಳಿದೆ. ಎಲ್ಲಿ ಹಿಂದೆ ಸುಳ್ಳು ಹೇಳಿದ್ದೆನೋ ಆ ಶಾಲೆಯ ಅಂಗಳದಲ್ಲೇ, ನಾಲ್ಕು ಹಿರಿಯರನ್ನು ಕೂಡಿಸಿ ನಿಂತೆ. ಛೀಮಾರಿ ಹಾಕುತ್ತಾರೆ, ಉಗಿಯುತ್ತಾರೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಒಬ್ಬ ಹಿರಿಯರು ನನ್ನ ಬೆನ್ನ ಮೇಲೆ ಕೈಯಿಟ್ಟು, ‘ಹೋಗ್ಲಿ ಬಿಡ್ರಿ ಚನ್ನಬಸಪ್ಪನವರ, ಲಡಾಯ್ದಾಗ ಇವೆಲ್ಲಾ ಇರ್ತಾವ. ಯಾವ ದೇಶದವರೋ ಏನೋ’ ಎಂದರು. ಇನ್ನೊಬ್ಬರು ದನಿ ತಗ್ಗಿಸಿ, ‘ಅಂವ ಹೆಂಗಿದ್ರೂ ಸಾಬರಾವ. ಅದಕ್ಕ ಇಷ್ಟ್ಯಾಕ ಮನಸಿಗಿ ಹಚಗೋತೀರಿ?’ ಎಂದರು. ಚಹಾ ತರಿಸಿದರು.

ನನ್ನ ಮೇಲೆ ನನಗೆ ಹುಟ್ಟಿದ ಹೇಸಿಗೆಗೆ ಇಷ್ಟು ದಿನ ಒಂದು ಕೊನೆಯಾದರೂ ಇದೆ ಎಂದುಕೊಂಡಿದ್ದೆ. ಆ ಚಹಾದ ಬಟ್ಟಲು ಹಿಡಿದು ನಿಂತಾಗ ಅದೂ ಹೋಯಿತು. ಕಪ್ತಾನನ ಮುಂದೆ ನಾನು ಆಡಿದ್ದ ಮಾತನ್ನೇ ಅವರು ನನ್ನ ಸಮಾಧಾನಕ್ಕೆ ಆಡಿದ್ದರು. ಇಷ್ಟು ಸುಲಭದ ಕ್ಷಮೆ ಸಿಕ್ಕಿದ್ದು, ಸತ್ತವರು ಅವರಿಗೆ ಏನೂ ಅಲ್ಲ ಎಂಬ ಕಾರಣಕ್ಕೆ. ಅದನ್ನು ತೆಗೆದುಕೊಂಡರೆ ಸತ್ತವರನ್ನು ನಾನು ಎರಡನೆಯ ಸಲ... ಬಟ್ಟಲು ಇಟ್ಟು ಬಂದೆ. ಆಮೇಲೆಯೇ ಇದನ್ನು ಬರೆಯಲು ಕುಳಿತೆ, ಕೇಳಿದವರು ಅರ್ಧಕ್ಕೆ ತಡೆದು ಬೆನ್ನು ತಟ್ಟಲಾರದ ಹಾಗೆ.

ನಾಳೆ ಶುಕ್ರವಾರ. ಕಲಬುರಗಿಗೆ ಹೋಗುತ್ತೇನೆ. ನಮಾಜು ಮುಗಿದು ಜನ ಹೊರಬರುವ ಹೊತ್ತಿಗೆ ಹುಸೇನಬಿಯ ಓಣಿಯಲ್ಲಿ ನಿಂತು, ಅವಳ ಮನೆಗೆ ಹೋಗುವುದು ಬಿಟ್ಟಿದ್ದವರ ಮುಂದೆ, ಅವಳ ಮಗ ದಗಾ ಮಾಡಲಿಲ್ಲ, ಮಾಡಿದವನು ನಾನು ಎಂದು ಹೇಳುತ್ತೇನೆ. ಅವಳು ಕೇಳುವುದಿಲ್ಲ. ತಡವಾಯಿತು ಎಂಬುದು ಕೂಡ ಸಣ್ಣ ಮಾತು. ಅವರು ಏನು ಮಾಡಿದರೂ ಮಾಡಲಿ.

ಬಂಡಿ ಹೇಳಿ ಬಂದೆ. ಇಷ್ಟು ದಿನದ ಮೇಲೆ ನೀಲಮ್ಮ ಮಾತಾಡಿದಳು. ‘ನಾನೂ ಬರ್ತೀನ್ರಿ. ನೀವು ಹೇಳೂ ಮುಂದ ಎಲ್ಲ್ಯಾರ ಒಂದು ಮಾತು ನುಂಗಿದ್ರ, ಅಲ್ಲೇ ಎದ್ದು ನಾ ಹೇಳ್ತೀನಿ.’

ಹೇಳು ಎಂದೆ.